ಮೊದಲ ತುಂಡು ನಾಯಿಗೆ

ಉರ್ರುತಿಯಾ ಮನೆತನಕ್ಕೆ ನಲವತ್ಮೂರು ಅಂಗಿ ಮಾಡಿಸಿದ್ದರು,
ಕೆಂಪು, ಎದೆಯ ಮೇಲೊಂದು ಟಗರು,
ಬೆನ್ನ ಮೇಲೆ ಇಸವಿ.
ಮಾಡಿಸಿದ್ದು ಚಳಿಗಾಲದಲ್ಲಿ, ತಲೆ ಎಣಿಸಿ.
ಆ ಎಣಿಕೆಯಲ್ಲಿ ನಾನಿರಲಿಲ್ಲ.

ಮಗಳನ್ನು ಇಳಿಸಿ ಹೊರಡುವವಳು.
ಎಂಜಿನ್ ಕೂಡ ಆರಿಸಿರಲಿಲ್ಲ.
ಗ್ರಾಸಿ ಅತ್ತೆ ಕಿಟಕಿಯೊಳಗೆ ಕೈ ಹಾಕಿ
ಕೀಲಿ ತಿರುಗಿಸಿ, ಕಿತ್ತು, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.
"ಬೀನ್ಸು ತಳ ಹಿಡೀತಿದೆ, ಬಾ."
ಕೋರ್ಟಿನ ಕಾಗದವನ್ನು ಅವಳಿನ್ನೂ ಓದಿಲ್ಲ.
ಕನ್ನಡಕ ಸಿಗುತ್ತಿಲ್ಲವಂತೆ,
ನಾಲ್ಕು ವರ್ಷದಿಂದ.

ಐಡಾಹೋದ ಆಗಸ್ಟು. ಎಲ್ಲೋ ಕಾಡಿಗೆ ಬೆಂಕಿ ಬಿದ್ದು
ಗರಗಸದಂಥ ಬೆಟ್ಟಸಾಲಿನ ಹಲ್ಲೆಲ್ಲ ಮಸುಕು.
ಸಾಮನ್ ಹೊಳೆಗೆ ಮಾತ್ರ ಅದರ ಗೊಡವೆಯಿಲ್ಲ,
ಕಾಲಿಟ್ಟರೆ ಮೂಳೆಗೆ ನೇರ ಸುದ್ದಿ ಮುಟ್ಟಿಸುತ್ತದೆ.
ರೆಸಾರ್ಟಿನ ಹನ್ನೊಂದು ಮರದ ಕ್ಯಾಬಿನ್ನುಗಳಲ್ಲಿ
ಎರಡನೆಯವರಿಗೆ ಬಿಸಿನೀರು ಉಳಿಯುವ ಒಂದೂ ಇಲ್ಲ.
ಮಿರೆನ್ ಆಗಲೇ ಲಾರಿ ಟ್ಯೂಬಿನ ಮೇಲೆ ಬುಗುರಿಯಾಗಿದ್ದಳು,
ಹಿಂದೆ ಹೆಸರು ನೆನಪಿರದ ಏಳೆಂಟು ಮಕ್ಕಳು.

ನಾನು ಸೌಟು ಹಿಡಿದೆ.
ಸೌಟು ಹಿಡಿದವರನ್ನು ನೀನ್ಯಾರೆಂದು ಯಾರೂ ಕೇಳುವುದಿಲ್ಲ.
ಹೊಸದಾಗಿ ಮದುವೆಯಾಗಿ ಬಂದ ಹುಡುಗನೊಬ್ಬ ಕೇಳಿದ,
"ನೀವು ಯಾರ ಕಡೆಯವರು?"
"ಬೀನ್ಸಿನ ಕಡೆ" ಅಂದೆ.
ನನಗೆ ಮೂವರು ನಾದಿನಿಯರು ಇದ್ದರು. ಇದ್ದಾರೆ.
ಈ ಕ್ರಿಯಾಪದವೊಂದು ಇನ್ನೂ ಹಿಡಿತಕ್ಕೆ ಬಂದಿಲ್ಲ.

ಮಧ್ಯಾಹ್ನ, ತಂಪಿಗಿಟ್ಟ ಕಲ್ಲಂಗಡಿಗಳ ಬಲೆ ಹರಿಯಿತು.
ಆರು ಹಣ್ಣು, ಬೋಳು ತಲೆಗಳಂತೆ ಮುಳುಗೇಳುತ್ತ
ಚಾಲಿಸ್ ಊರಿನ ದಿಕ್ಕಿಗೆ ಹೊರಟೇಬಿಟ್ಟವು.
ಗಂಡಸರು ದಡದಲ್ಲಿ ನಿಂತು ಸಲಹೆ ಕೊಟ್ಟರು.
ನೀರಿಗೆ ಬಿದ್ದವರು ಇಬ್ಬರು: ನಾನು, ಶೆಲ್ಬಿ.
ಶೆಲ್ಬಿ ಅಂದರೆ ಬೆನ್ಯಾತನ ಹೆಂಡತಿ, ಈಗಿನವಳು.
ಸೊಂಟದವರೆಗೆ ನೀರು, ಕಲ್ಲಿಗೆಲ್ಲ ಪಾಚಿ.
ನಾನು ಜಾರಿದಾಗ ಅವಳು ನನ್ನ ಬೆಲ್ಟು ಹಿಡಿದಳು,
ಅವಳು ಜಾರಿದಾಗ ನನ್ನ ಕೈಗೆ ಸಿಕ್ಕಿದ್ದು ಅವಳ ಜಡೆ.
ನೋಡಿದವರಿಗೆ ಸವತಿಯರ ಜಗಳವೆಂದೇ ಕಂಡಿರಬೇಕು.
ನಾಲ್ಕು ಹಣ್ಣು ಉಳಿಸಿದೆವು.
ಎರಡು ಹೊಳೆಯ ಪಾಲು.
ಬೆನ್ಯಾತ್ ಎರಡು ಟವೆಲ್ ಹಿಡಿದು ಓಡಿ ಬಂದ,
ಮೊದಲು ಯಾರಿಗೆಂದು ತಿಳಿಯದೆ
ಎರಡನ್ನೂ ಕಲ್ಲಂಗಡಿಗೆ ಹೊದಿಸಿದ.

ಶೆಲ್ಬಿ ನಕ್ಕಳು. ನನಗೆ ಹಲ್ಲು ಕಟಕಟ.
ಗ್ರಾಸಿ ಅತ್ತೆ ಒಂದು ಮಾತೂ ಆಡದೆ
ರಟ್ಟಿನ ಪೆಟ್ಟಿಗೆಯ ತಳದಿಂದ ಒಂದು ಅಂಗಿ ತೆಗೆದಳು,
ಮಡಿಕೆ ಬಿಚ್ಚದ್ದು.
ಪೆಯೋನದು. ಮಾರ್ಚಿಯಲ್ಲಿ ಹೋದನಲ್ಲ, ಅವನದು.
ಆರಡಿ ಆಳಿನ ಅಂಗಿ ನನಗೆ ಮೊಣಕಾಲು ಮುಟ್ಟಿತು.
ಅವನ ತಾಯಿ ದೂರದಿಂದ ನೋಡಿದಳು,
ಬಂದಳು,
ತೋಳನ್ನು ಎರಡು ಮಡಿಕೆ ಮೇಲೆ ಸುತ್ತಿದಳು,
ಮತ್ತೆ ಈರುಳ್ಳಿ ಹೆಚ್ಚಲು ಹೋದಳು.

ಬೆಳಕು ವಾಲಿದ ಮೇಲೆ ಫೆರ್ಮಿನ್ ಮಾವ
ಗುಂಡಿಯ ಕೆಂಡ ಸರಿಸಿ ಕಬ್ಬಿಣದ ಹಂಡೆ ಎತ್ತಿಸಿದ.
ಎಂಬತ್ತೆಂಟು ವಯಸ್ಸು. ಹದಿನೇಳಕ್ಕೆ ಇಲ್ಲಿಗೆ ಬಂದವನು,
ಎರಡು ಸಾವಿರ ಕುರಿ, ಒಂದು ನಾಯಿ,
ತಿಳಿದಿದ್ದು ಬಾಸ್ಕ್ ಭಾಷೆ, ಅದು ನಾಯಿಗೂ ತಿಳಿಯುತ್ತಿತ್ತು.
ಮೇಲಿನ ಆಸ್ಪೆನ್ ತೋಪಿನಲ್ಲಿ ಅವನು ಚಾಕುವಿನಿಂದ
ಗೀರಿದ ಹೆಸರಿದೆಯಂತೆ,
ಕೂದಲೆಳೆಯಷ್ಟು ತೆಳ್ಳಗೆ ಗೀರಿದ್ದು,
ಮರ ದಪ್ಪವಾಗುತ್ತ ತಾನೇ ಅದನ್ನು ದಪ್ಪಕ್ಷರ ಮಾಡಿಕೊಂಡಿತು.
ಈ ವರ್ಷ ಅಲ್ಲಿಗೆ ಹತ್ತಲು ಯಾರೂ ಅವನನ್ನು ಬಿಡಲಿಲ್ಲ.

ಹಂಡೆಯ ಗಾತ್ರದ ರೊಟ್ಟಿ. ಅದರ ಬೆನ್ನಿಗೆ
ಚಾಕುವಿನ ತುದಿಯಿಂದ ಶಿಲುಬೆ ಎಳೆದ.
ಮೊದಲ ತುಂಡು ನಾಯಿಗೆ.
ಅದು ರೂಢಿ. ಬೆಟ್ಟದಲ್ಲಿ ಜೀವ ಕಾದದ್ದು ಅದು,
ಆಮೇಲೆ ದೇವರು, ಆಮೇಲೆ ಉಳಿದವರು.
ಅವನ ನಾಯಿ ಈಗಿಲ್ಲ;
ರೆಸಾರ್ಟಿನ ಕುಂಟ ನಾಯಿ ಬಂದು
ಹಕ್ಕಿನಿಂದ ತಿಂದಿತು.

ಎರಡನೆಯ ತುಂಡು ಯಾರಿಗೆಂದು ರೂಢಿಯಿಲ್ಲ.
ಯಾರು ಹತ್ತಿರವಿದ್ದರೆ ಅವರಿಗೆ.
ಅವನ ಕಣ್ಣು ಅಷ್ಟಕ್ಕಷ್ಟೆ,
ಕೆಂಪು ಅಂಗಿ ಕಂಡಿತೋ, ಏನೋ.
ನಾನು ಹತ್ತಿರವಿದ್ದೆ.
ಬಿಸಿಯಿತ್ತು. ಬಾಯಿ ಸುಟ್ಟುಕೊಂಡೆ.